ಬಾಗಿಲು ಹಾಕಿಕೊಂಡು ಹಾಡಿದ ಪೂಜೆ: ವಿಲಿಯಂ ಬರ್ಡ್‌ನ ಬದುಕು ಮತ್ತು ಸಂಗೀತ

(ಸಂಗೀತಾಸಕ್ತರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ನಡುನಡುವೆ ಕೇಳಿಸಿದ ಹಾಡುಗಳ ಹೆಸರನ್ನು ಹಾಗೇ ಉಳಿಸಿದ್ದೇನೆ. ಹುಡುಕಿ ಕೇಳುವವರಿಗೆ ಅನುಕೂಲವಾಗಲಿ.)

ಎಲ್ಲರಿಗೂ ನಮಸ್ಕಾರ.

2023ರ ಮೇ 6ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಮೂರನೇ ಚಾರ್ಲ್ಸ್‌ಗೆ ಕಿರೀಟ ತೊಡಿಸಿದರು. ನಿಮ್ಮಲ್ಲಿ ಕೆಲವರು ಟಿವಿಯಲ್ಲಿ ನೋಡಿರಬಹುದು. ಆ ಸಮಾರಂಭದಲ್ಲಿ ಲ್ಯಾಟಿನ್ ಭಾಷೆಯ ಒಂದು 'ಗ್ಲೋರಿಯಾ', ಅಂದರೆ ದೇವರ ಸ್ತುತಿ, ಹಾಡಿದರು. ನಾಲ್ಕು ದನಿಗಳಿಗೆ ಬರೆದ ಸಂಗೀತ. ಬರೆದವನು ವಿಲಿಯಂ ಬರ್ಡ್ ಎಂಬ ಇಂಗ್ಲಿಷ್ ಕ್ಯಾಥೊಲಿಕ್ ಸಂಗೀತಗಾರ. 1590ರ ದಶಕದ ಆರಂಭದಲ್ಲಿ ಅದು ಅಚ್ಚಾದಾಗ ಆ ಪುಸ್ತಕಕ್ಕೆ ಮುಖಪುಟವೇ ಇರಲಿಲ್ಲ. ಅಚ್ಚು ಹಾಕಿದವನ ಹೆಸರಿಲ್ಲ, ಊರಿಲ್ಲ, ವರ್ಷವಿಲ್ಲ. ಅದನ್ನು ಯಾವುದಕ್ಕಾಗಿ ಬರೆದಿದ್ದನೋ ಅದಕ್ಕೇ ಬಳಸಿದರೆ, ಅಂದರೆ ಕ್ಯಾಥೊಲಿಕ್ ಬಲಿಪೂಜೆಯಲ್ಲಿ ಹಾಡಿದರೆ, ಸುಮ್ನೆ ಕೂತು ಕೇಳಿದವರಿಗೂ ಒಂದು ವರ್ಷ ಜೈಲು, ಮೇಲೆ ದಂಡ. ಆಗಿನ ಇಂಗ್ಲೆಂಡಿನ ಕಾನೂನು ಹಾಗಿತ್ತು.

ಬರ್ಡ್‌ನನ್ನು ಇವತ್ತು ನಾವು ಹೆಚ್ಚಾಗಿ ಕೇಳುವುದು ದೊಡ್ಡ ಕೆಥೆಡ್ರಲ್‌ಗಳಲ್ಲಿ ಮಾಡಿದ ಧ್ವನಿಮುದ್ರಣಗಳಲ್ಲಿ. ಎತ್ತರದ ಚಾವಣಿ, ಹಾಡು ನಿಂತ ಮೇಲೂ ಉಳಿಯುವ ಪ್ರತಿಧ್ವನಿ, ಬಿಳಿ ನಿಲುವಂಗಿಯ ಹುಡುಗರ ಸಾಲು. ಕೇಳಲು ಚೆನ್ನಾಗಿಯೇ ಇರುತ್ತದೆ. ಆದರೆ ಅವನು ತನ್ನ ನಂಬಿಕೆಗಾಗಿ ಬರೆದ ಸಂಗೀತ ಮನೆಯ ಕೋಣೆಗಾಗಿ ಬರೆದದ್ದು. ಕೋಣೆಯಲ್ಲಿ ಎಷ್ಟು ಜನ ಸೇರಬಹುದು, ಅವರಲ್ಲಿ ಎಷ್ಟು ಜನಕ್ಕೆ ಹಾಡಲು ಬರುತ್ತದೆ, ಎಷ್ಟು ಹೊತ್ತು ಹಾಡಬಹುದು, ಇದೆಲ್ಲ ಆ ಸಂಗೀತದ ಒಳಗೇ ಸೇರಿಕೊಂಡಿದೆ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಮೊದಲು ಸ್ವಲ್ಪ ಇತಿಹಾಸ. ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ 1534ರಲ್ಲಿ ರೋಮ್‌ನಿಂದ, ಅಂದರೆ ಪೋಪ್‌ನ ಕ್ಯಾಥೊಲಿಕ್ ಧರ್ಮಸಭೆಯಿಂದ, ಬೇರೆಯಾದ. ಮುಂದಿನ ಕೆಲವೇ ವರ್ಷಗಳಲ್ಲಿ ದೇಶದ ಮಠಗಳೆಲ್ಲ ಮುಚ್ಚಿದವು. ಅವನ ಮಗ ಆರನೇ ಎಡ್ವರ್ಡ್‌ನ ಕಾಲದಲ್ಲಿ ಪ್ರಾರ್ಥನೆ ಲ್ಯಾಟಿನ್ ಬಿಟ್ಟು ಇಂಗ್ಲಿಷ್‌ಗೆ ಬಂತು. 1553ರಲ್ಲಿ ಮೇರಿ ರಾಣಿಯಾದಳು, ಎಲ್ಲವನ್ನೂ ಮತ್ತೆ ಹಳೆಯ ದಾರಿಗೆ ತಿರುಗಿಸಿದಳು. ಐದೇ ವರ್ಷ. 1558ರಲ್ಲಿ ಎಲಿಜಬೆತ್ ಬಂದಳು, ದೇಶ ಮತ್ತೆ ಪ್ರಾಟೆಸ್ಟಂಟ್ ಆಯಿತು. ಬರ್ಡ್ ಹುಟ್ಟಿದ್ದು 1540ರ ಆಸುಪಾಸಿನಲ್ಲಿ. ಅಂದರೆ ಇಪ್ಪತ್ತು ತುಂಬುವುದರೊಳಗೆ ಅವನು ದೇವರ ಪೂಜೆಯ ರೀತಿ ಮತ್ತೆ ಮತ್ತೆ ಬದಲಾಗಿದ್ದನ್ನು ಕಂಡಿದ್ದ. ಅವನ ಗುರು ಥಾಮಸ್ ಟ್ಯಾಲಿಸ್ ಈ ನಾಲ್ವರ ಆಸ್ಥಾನದಲ್ಲೂ ಹಾಡಿದವನು. ಪ್ರತಿಯೊಬ್ಬರಿಗೂ ಅವರವರ ಧರ್ಮಕ್ಕೆ ಹೊಂದುವ ಸಂಗೀತ ಬರೆದುಕೊಟ್ಟವನು. ಶಿಷ್ಯನಿಗೆ ಅದು ಅಷ್ಟು ಸಲೀಸಾಗಲಿಲ್ಲ.

1563ರಲ್ಲಿ ಬರ್ಡ್ ಲಿಂಕನ್ ಕೆಥೆಡ್ರಲ್‌ನಲ್ಲಿ ಆರ್ಗನ್ ನುಡಿಸುವ ಮತ್ತು ಹುಡುಗರಿಗೆ ಹಾಡು ಕಲಿಸುವ ಕೆಲಸಕ್ಕೆ ಸೇರಿದ. ಸಂಬಳ ವರ್ಷಕ್ಕೆ 13 ಪೌಂಡ್ ಚಿಲ್ಲರೆ. ಈ ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅಲ್ಲೇ ಜೂಲಿಯಾನಾ ಎಂಬುವಳನ್ನು ಮದುವೆಯಾದ. 1569ರಲ್ಲಿ ಕೆಥೆಡ್ರಲ್‌ನ ಆಡಳಿತ ಅವನ ಸಂಬಳ ತಡೆಹಿಡಿಯಿತು. ಅಲ್ಲಿ ಕಟ್ಟಾ ಪ್ರಾಟೆಸ್ಟಂಟರ ಕೈ ಮೇಲಾಗಿತ್ತು, ಇವನ ಆರ್ಗನ್ ವಾದನ ಅವರಿಗೆ ಜಾಸ್ತಿ ಅನಿಸಿತ್ತು ಎಂದು ವಿದ್ವಾಂಸರು ಊಹಿಸುತ್ತಾರೆ. ಅಷ್ಟರಲ್ಲಿ ರಾಣಿಯ ಸ್ವಂತ ಗಾಯಕವೃಂದವಾದ ಚಾಪೆಲ್ ರಾಯಲ್‌ನ ರಾಬರ್ಟ್ ಪಾರ್ಸನ್ಸ್ ಎಂಬ ಸಂಗೀತಗಾರ ಟ್ರೆಂಟ್ ನದಿಯಲ್ಲಿ ಮುಳುಗಿ ತೀರಿಕೊಂಡ. ಆ ಜಾಗಕ್ಕೆ 1570ರ ದಶಕದ ಆರಂಭದಲ್ಲಿ ಬರ್ಡ್ ಬಂದ. ಲಂಡನ್ನಿಗೇ ಮನೆ ಬದಲಾಯಿಸಿದ.

ರಾಣಿಗೆ ಅವನು ಬಹಳ ಬೇಗ ಬೇಕಾದವನಾದ. 1575ರಲ್ಲಿ ಟ್ಯಾಲಿಸ್ ಮತ್ತು ಬರ್ಡ್ ಇಬ್ಬರಿಗೂ ಸೇರಿಸಿ ಒಂದು ಹಕ್ಕುಪತ್ರ ಕೊಟ್ಟಳು. ಮುಂದಿನ 21 ವರ್ಷ ಇಂಗ್ಲೆಂಡಿನಲ್ಲಿ ಸಂಗೀತ ಪುಸ್ತಕ ಅಚ್ಚು ಹಾಕಿಸುವುದು, ಸ್ವರ ಬರೆಯುವ ಗೆರೆ ಕಾಗದ ಮಾರುವುದು ಇವರಿಬ್ಬರದೇ ಹಕ್ಕು. ಗುರುಶಿಷ್ಯರು ಸೇರಿ ಆ ವರ್ಷವೇ ಒಂದು ಲ್ಯಾಟಿನ್ ಹಾಡುಗಳ ಸಂಕಲನ ತಂದು ರಾಣಿಗೆ ಅರ್ಪಿಸಿದರು. ತಲಾ 17ರಂತೆ 34 ಹಾಡು. ಅದು ರಾಣಿಯ ಆಳ್ವಿಕೆಯ ಹದಿನೇಳನೇ ವರ್ಷವಾಗಿತ್ತು. ಪುಸ್ತಕ ಮಾರಾಟವಾಗಲಿಲ್ಲ. ಎರಡು ವರ್ಷದ ನಂತರ ಕೈಸುಟ್ಟುಕೊಂಡಿದ್ದೇವೆ ಎಂದು ರಾಣಿಗೇ ಅರ್ಜಿ ಹಾಕಿದರು, ಅವಳು ಸಹಾಯ ಮಾಡಿದಳು.

ಇದೇ 1577ರಲ್ಲಿ ಇನ್ನೊಂದು ದಾಖಲೆಯಲ್ಲಿ ಅವನ ಮನೆಯ ಹೆಸರು ಬರುತ್ತದೆ. ಅವನ ಹೆಂಡತಿ ಜೂಲಿಯಾನಾ ಭಾನುವಾರ ಊರ ಚರ್ಚಿಗೆ ಹೋಗುತ್ತಿಲ್ಲ ಎಂಬ ದೂರು. ಆಗ ಸರ್ಕಾರದ ಚರ್ಚಿಗೆ ಹೋಗದವರಿಗೆ ವಾರಕ್ಕೆ 12 ಪೆನ್ಸ್ ದಂಡವಿತ್ತು. 1581ರಲ್ಲಿ ಅದನ್ನು ತಿಂಗಳಿಗೆ 20 ಪೌಂಡ್ ಮಾಡಿದರು. ಲಿಂಕನ್‌ನಲ್ಲಿ ಬರ್ಡ್ ಇಡೀ ವರ್ಷ ದುಡಿದರೂ ಒಂದು ತಿಂಗಳ ದಂಡ ಕಟ್ಟಲು ಸಾಲುತ್ತಿರಲಿಲ್ಲ. 1585ರ ಕಾನೂನು ಇನ್ನೂ ಕಠಿಣ. ಹೊರದೇಶದಲ್ಲಿ ಗುರುದೀಕ್ಷೆ ಪಡೆದು ಬಂದ ಕ್ಯಾಥೊಲಿಕ್ ಪಾದ್ರಿ ಇಂಗ್ಲೆಂಡಿನಲ್ಲಿ ಇರುವುದೇ ರಾಜದ್ರೋಹ. ಅವನನ್ನು ಮನೆಯಲ್ಲಿ ಅಡಗಿಸಿದವರಿಗೂ ಮರಣದಂಡನೆ ಆಗಬಹುದಿತ್ತು.

ಬರ್ಡ್‌ನ ಸಂಗೀತದ ಬಣ್ಣ ಬದಲಾದದ್ದು ಈ ವರ್ಷಗಳಲ್ಲೇ. 1581ರ ಡಿಸೆಂಬರ್ 1ರಂದು ಎಡ್ಮಂಡ್ ಕ್ಯಾಂಪಿಯನ್ ಎಂಬ ಜೆಸ್ಯೂಟ್ (ಯೇಸುಸಭೆ ಎಂಬ ಕ್ಯಾಥೊಲಿಕ್ ಸಂಘದ) ಪಾದ್ರಿಯನ್ನು ಲಂಡನ್ನಿನ ಟೈಬರ್ನ್‌ನಲ್ಲಿ ಗಲ್ಲಿಗೆ ಹಾಕಿ, ದೇಹವನ್ನು ಕತ್ತರಿಸಿದರು. ನೋಡಲು ನಿಂತಿದ್ದ ಜನರಲ್ಲಿ ಹೆನ್ರಿ ವಾಲ್ಪೋಲ್ ಎಂಬ ಯುವಕನಿದ್ದ. ಅವನು ಕ್ಯಾಂಪಿಯನ್ ಬಗ್ಗೆ ಒಂದು ಕವಿತೆ ಬರೆದ. ಅದನ್ನು ಗುಟ್ಟಾಗಿ ಅಚ್ಚು ಹಾಕಿಸಿದವನ ಕಿವಿ ಕತ್ತರಿಸಿದರು. ವಾಲ್ಪೋಲ್ ತಾನೂ ಜೆಸ್ಯೂಟ್ ಆಗಿ 1595ರಲ್ಲಿ ಗಲ್ಲಿಗೇರಿದ. ಆ ಕವಿತೆಗೆ ಬರ್ಡ್ ರಾಗ ಕಟ್ಟಿದ. 1588ರಲ್ಲಿ ತನ್ನ ಇಂಗ್ಲಿಷ್ ಹಾಡುಗಳ ಪುಸ್ತಕದಲ್ಲಿ ಸೇರಿಸಿಯೂಬಿಟ್ಟ. ಮೊದಲ ಚರಣ ಮಾತ್ರ ಮೂಲದ್ದು. ಕ್ಯಾಂಪಿಯನ್ ಹೆಸರು ಬರುವ ಮುಂದಿನ ಚರಣಗಳ ಜಾಗಕ್ಕೆ ಯಾರಿಗೂ ನೋವಾಗದ ಬೇರೆ ಸಾಲುಗಳು ಬಂದವು. ಗೊತ್ತಿದ್ದವರಿಗೆ ಮೊದಲ ಸಾಲು ಕೇಳಿದರೆ ಸಾಕಿತ್ತು, ಅಲ್ವಾ?

ಅದೇ ಪುಸ್ತಕದ ಆರಂಭದಲ್ಲಿ, ಪ್ರತಿಯೊಬ್ಬರೂ ಹಾಡು ಕಲಿಯಬೇಕು ಅನ್ನುವುದಕ್ಕೆ ಅವನು ಎಂಟು ಕಾರಣ ಕೊಟ್ಟಿದ್ದಾನೆ. ಹಾಡುವುದರಿಂದ ಎದೆ ಗಟ್ಟಿಯಾಗುತ್ತದೆ, ಉಗ್ಗು ಹೋಗುತ್ತದೆ, ಉಚ್ಚಾರ ಸ್ಪಷ್ಟವಾಗುತ್ತದೆ, ಮನುಷ್ಯನ ದನಿಗೆ ಸಮನಾದ ವಾದ್ಯ ಇಲ್ಲ, ಹೀಗೆ. ಇದನ್ನು ಯಾಕೆ ಹೇಳಿದೆ ಅಂದರೆ, ಅವನ ಕಣ್ಣ ಮುಂದೆ ಇದ್ದದ್ದು ಸಂಬಳದ ಗಾಯಕರಷ್ಟೇ ಅಲ್ಲ, ಮನೆಯಲ್ಲಿ ಕೂತು ಹಾಡುವ ಮಂದಿಯೂ ಹೌದು ಅನ್ನುವುದು ಇಲ್ಲಿ ಕಾಣುತ್ತದೆ.

ಇನ್ನು ಲ್ಯಾಟಿನ್ ಹಾಡುಗಳು. 1589 ಮತ್ತು 1591ರಲ್ಲಿ ಎರಡು ಸಂಕಲನ ಬಂದವು. ಇಲ್ಲಿ ಅವನು ಆರಿಸಿಕೊಂಡ ಬೈಬಲ್ ವಾಕ್ಯಗಳನ್ನು ನೋಡಿ. ಹಾಳು ಬಿದ್ದ ಜೆರುಸಲೇಮ್, ಬಾಬಿಲೋನಿನ ಸೆರೆ, ಬಿಡುಗಡೆಗಾಗಿ ಮೊರೆ. 'ದೇಉಸ್ ವೇನೆರುಂತ್ ಜೆಂತೆಸ್' ಎಂಬ ಹಾಡು 79ನೇ ಕೀರ್ತನೆಯದು. ನಿನ್ನ ಸೇವಕರ ಹೆಣಗಳನ್ನು ಹಕ್ಕಿಗಳಿಗೆ ಹಾಕಿದರು ಎಂದು ಅದರಲ್ಲಿ ಬರುತ್ತದೆ. ಇದನ್ನು ಕ್ಯಾಂಪಿಯನ್‌ನ ಸಾವಿಗೆ ಜೋಡಿಸಿ ಓದುವ ವಿದ್ವಾಂಸರಿದ್ದಾರೆ. ನನಗೂ ಹಾಗೇ ಅನಿಸುತ್ತದೆ. ಆದರೆ ಕಾನೂನಿನ ಮುಂದೆ ಅದು ಬರೀ ಬೈಬಲ್ ವಾಕ್ಯ. ಅದನ್ನು ತಪ್ಪು ಅನ್ನಲು ಯಾರಿಗೂ ಆಗುತ್ತಿರಲಿಲ್ಲ.

ಇಲ್ಲಿ ನಾನು 'ನೇ ಇರಾಸ್ಕಾರಿಸ್ ದೊಮಿನೇ' ಎಂಬ ಐದು ದನಿಯ ಹಾಡನ್ನು ಕೇಳಿಸಿದೆ. ಕೇಳುವ ಮುಂಚೆ ಒಂದು ವಿಷಯ ಹೇಳಬೇಕಿತ್ತು. ನಮ್ಮ ಸಂಗೀತದಲ್ಲಿ ಒಂದು ರಾಗ, ಒಂದು ಎಳೆ, ಅದರ ವಿಸ್ತಾರ. ಇಲ್ಲಿ ಐದು ಎಳೆಗಳು ಒಟ್ಟಿಗೆ ಓಡುತ್ತವೆ. ಒಬ್ಬರು ಒಂದು ಸಾಲು ಎತ್ತಿಕೊಳ್ಳುತ್ತಾರೆ, ಎರಡನೆಯವರು ಅದೇ ಸಾಲನ್ನು ಸ್ವಲ್ಪ ತಡವಾಗಿ, ಬೇರೆ ಸ್ಥಾಯಿಯಲ್ಲಿ ಎತ್ತಿಕೊಳ್ಳುತ್ತಾರೆ, ಮೂರನೆಯವರು ಇನ್ನೂ ತಡವಾಗಿ. ಮುಖ್ಯ ಗಾಯಕ, ಸಹಗಾಯಕ ಅಂತ ಇಲ್ಲ. ಎಲ್ಲರದ್ದೂ ಮುಖ್ಯ ದನಿಯೇ. ಈ ಹಾಡಿನಲ್ಲಿ ಬಹಳ ಹೊತ್ತು ದನಿಗಳು ಹೀಗೆ ಒಂದರ ಹಿಂದೆ ಒಂದು ಹೋಗುತ್ತಿರುತ್ತವೆ. 'ಸಿಯೋನ್ (ಜೆರುಸಲೇಮಿನ ಇನ್ನೊಂದು ಹೆಸರು) ಬರಿದಾಯಿತು' ಎಂಬ ಮಾತು ಬಂದಾಗ ಮಾತ್ರ ಎಲ್ಲ ದನಿಗಳೂ ನಿಂತು, ಒಟ್ಟಿಗೆ, ಮೆಲ್ಲಗೆ ಆ ಮಾತನ್ನು ಹೇಳುತ್ತವೆ. ಆಮೇಲೆ 'ಜೆರುಸಲೇಮ್ ಹಾಳಾಯಿತು' ಅನ್ನುವುದನ್ನು ಒಂದಾದ ಮೇಲೆ ಒಂದು ದನಿ ಹೇಳುತ್ತಲೇ ಹೋಗುತ್ತದೆ. ಇಂಗ್ಲಿಷ್ ಮಾತು ಹಾಕಿಕೊಂಡು ಪ್ರಾಟೆಸ್ಟಂಟರೂ ಇದನ್ನು ತಮ್ಮ ಚರ್ಚುಗಳಲ್ಲಿ ಹಾಡಿದರು. ಹಾಡು ಅಷ್ಟು ಚೆನ್ನಾಗಿದೆ.

ಫಿಲಿಪ್ ಡಿ ಮೊಂಟೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಅವನು ಪ್ರಾಗ್‌ನಲ್ಲಿ ಚಕ್ರವರ್ತಿಯ ಆಸ್ಥಾನದ ಸಂಗೀತ ಮುಖ್ಯಸ್ಥ, ಕ್ಯಾಥೊಲಿಕ್. 1583ರಲ್ಲಿ ಬರ್ಡ್‌ಗೆ ಎಂಟು ದನಿಯ ಒಂದು ಹಾಡು ಕಳಿಸಿದ. 'ಬಾಬಿಲೋನಿನ ನದಿಗಳ ಬಳಿ ಕೂತು ಅತ್ತೆವು' ಎಂಬ ಕೀರ್ತನೆ. ಪರದೇಶದಲ್ಲಿ ಪ್ರಭುವಿನ ಹಾಡನ್ನು ಹೇಗೆ ಹಾಡಲಿ ಎಂಬ ಪ್ರಶ್ನೆ ಅದರಲ್ಲೇ ಇದೆ. ಮರುವರ್ಷ ಬರ್ಡ್ ಅದೇ ಕೀರ್ತನೆಯ ಆ ಪ್ರಶ್ನೆಯಿಂದಲೇ ಶುರುವಾಗುವ, ಎಂಟೇ ದನಿಯ ಹಾಡನ್ನು ಬರೆದು ತಿರುಗಿ ಕಳಿಸಿದ. 'ಜೆರುಸಲೇಮೇ, ನಿನ್ನನ್ನು ಮರೆತರೆ ನನ್ನ ಬಲಗೈ ತನ್ನ ಕಲೆಯನ್ನು ಮರೆಯಲಿ' ಎಂಬ ಸಾಲು ಅದರಲ್ಲಿ ಬರುತ್ತದೆ. ಆರ್ಗನ್ ನುಡಿಸುವ ಕೈ ಅದು. ಯುರೋಪಿನ ಎರಡು ತುದಿಯಲ್ಲಿದ್ದ ಇಬ್ಬರು ಸಂಗೀತಗಾರರು ಹೀಗೆ ಮಾತಾಡಿಕೊಂಡರು.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. 1586ರ ಜುಲೈ. ಹೆನ್ರಿ ಗಾರ್ನೆಟ್ ಮತ್ತು ರಾಬರ್ಟ್ ಸೌತ್‌ವೆಲ್ ಎಂಬ ಇಬ್ಬರು ಜೆಸ್ಯೂಟರು ಕದ್ದು ಇಂಗ್ಲೆಂಡಿಗೆ ಬಂದಿಳಿದರು. ಅವರನ್ನು ಥೇಮ್ಸ್ ದಡದ ಹಾರ್ಲಿಫೋರ್ಡ್ ಎಂಬಲ್ಲಿ ರಿಚರ್ಡ್ ಬೋಲ್ಡ್ ಎಂಬ ಜಮೀನ್ದಾರನ ಮನೆಗೆ ಕರೆದುಕೊಂಡು ಹೋದರು. ಎಂಟು ದಿನ ಅಲ್ಲಿ ಕೂಟ ನಡೆಯಿತು. ಅಲ್ಲಿದ್ದ ವಿಲಿಯಂ ವೆಸ್ಟನ್ ಎಂಬ ಇನ್ನೊಬ್ಬ ಜೆಸ್ಯೂಟ್ ತನ್ನ ಆತ್ಮಕಥೆಯಲ್ಲಿ ಇದನ್ನು ಬರೆದಿಟ್ಟಿದ್ದಾನೆ. ಮನೆಯೊಡೆಯನಿಗೆ ಸಂಗೀತ ಚೆನ್ನಾಗಿ ಗೊತ್ತಿತ್ತು. ಮನೆಯಲ್ಲಿ ಆರ್ಗನ್ ಇತ್ತು, ಬೇರೆ ವಾದ್ಯಗಳೂ ಇದ್ದವು. ಹಾಡುವವರು ಅದೇ ಮನೆಯ ಗಂಡಸರು, ಹೆಂಗಸರು. ಹಬ್ಬದ ವಾರವೇನೋ ಅನ್ನುವಂತೆ ದಿನಾ ಹಾಡಿನ ಪೂಜೆ. ಆ ಕೂಟದಲ್ಲಿ ಬರ್ಡ್ ಇದ್ದ. ವೆಸ್ಟನ್ ಅವನನ್ನು ಇಂಗ್ಲೆಂಡಿನ ಪ್ರಸಿದ್ಧ ಸಂಗೀತಗಾರ, ಧರ್ಮಕ್ಕಾಗಿ ಎಲ್ಲವನ್ನೂ ಬಿಟ್ಟವನು ಎಂದು ಹೊಗಳುತ್ತಾನೆ. ಈ ಎರಡನೇ ಮಾತು ಪೂರ್ತಿ ಸರಿಯಲ್ಲ. ಬರ್ಡ್ ಸಾಯುವವರೆಗೂ ಚಾಪೆಲ್ ರಾಯಲ್‌ನ ಸದಸ್ಯನಾಗಿಯೇ ಇದ್ದ.

ಆ ಹೆಂಗಸರ ವಿಷಯವನ್ನು ದಯವಿಟ್ಟು ಗಮನಿಸಿ. ಆಗಿನ ಕೆಥೆಡ್ರಲ್‌ಗಳಲ್ಲಿ ಹಾಡುತ್ತಿದ್ದವರು ಗಂಡಸರು ಮತ್ತು ಹುಡುಗರು ಮಾತ್ರ. ಕದ್ದು ನಡೆಯುತ್ತಿದ್ದ ಈ ಪೂಜೆಯಲ್ಲಿ ಮನೆಯೊಡತಿ, ಮಗಳು, ಕೆಲಸದವಳು, ಯಾರಿಗೆ ಹಾಡಲು ಬರುತ್ತದೋ ಅವರೆಲ್ಲ ಹಾಡಿರಬೇಕು. ಮೇಲಿನ ದನಿಗೆ ಬೇರೆ ಯಾರು ಸಿಗುತ್ತಿದ್ದರು? ಬರ್ಡ್‌ನ ಸಂಗೀತವನ್ನು ಹೆಂಗಸರು ಹಾಡುವುದು ಈಚಿನ ರೂಢಿ ಅಂದುಕೊಂಡವರು ಇದನ್ನು ನೆನಪಿಡಬೇಕು.

ವೆಸ್ಟನ್ ಕೆಲವೇ ವಾರದಲ್ಲಿ ಸಿಕ್ಕಿಬಿದ್ದ. ಸೌತ್‌ವೆಲ್ 1595ರಲ್ಲಿ, ಗಾರ್ನೆಟ್ 1606ರಲ್ಲಿ ಗಲ್ಲಿಗೇರಿದರು.

ಇದೇ ತಲೆಮಾರಿನ ಇನ್ನೊಬ್ಬ ಇಂಗ್ಲಿಷ್ ಕ್ಯಾಥೊಲಿಕನ ಹೆಸರು ಇಲ್ಲಿರುವ ಕರಾವಳಿಯವರಿಗೆ ಗೊತ್ತಿರುತ್ತದೆ. ಥಾಮಸ್ ಸ್ಟೀಫನ್ಸ್. ಬರ್ಡ್‌ಗಿಂತ ಸುಮಾರು ಹತ್ತು ವರ್ಷ ಚಿಕ್ಕವನು. ಇಂಗ್ಲೆಂಡ್ ಬಿಟ್ಟು ರೋಮ್‌ನಲ್ಲಿ ಜೆಸ್ಯೂಟ್ ಆಗಿ 1579ರ ಅಕ್ಟೋಬರ್‌ನಲ್ಲಿ ಗೋವಾಕ್ಕೆ ಬಂದ. ಕೊಂಕಣಿ, ಮರಾಠಿ ಕಲಿತು ಸುಮಾರು 11 ಸಾವಿರ ಓವಿಗಳ 'ಕ್ರಿಸ್ತಪುರಾಣ' ಬರೆದ. 1616ರಲ್ಲಿ ಅದು ಮೊದಲು ಅಚ್ಚಾಯಿತು. 1907ರಲ್ಲಿ ಅದನ್ನು ಮತ್ತೆ ಅಚ್ಚು ಹಾಕಿದ್ದು ನಮ್ಮ ಮಂಗಳೂರಿನಲ್ಲಿ. ಒಬ್ಬ ಊರು ಬಿಟ್ಟು ಬಂದು, ಇಲ್ಲಿಯ ಜನ ಕೂತು ಹಾಡಿಕೊಳ್ಳುವ ಧಾಟಿಯಲ್ಲಿ ತನ್ನ ನಂಬಿಕೆಯ ಕಥೆ ಹೇಳಿದ. ಇನ್ನೊಬ್ಬ ಊರಲ್ಲೇ ಉಳಿದು ಬಾಗಿಲು ಹಾಕಿಕೊಂಡು ಹಾಡಿದ. ಇಬ್ಬರೂ ಒಂದೇ ಕಾನೂನಿನ ಕೆಳಗೆ ಬೆಳೆದವರು.

ಮಾತಿನ ಮಧ್ಯೆ ಒಬ್ಬರು ಕೇಳಿದರು: "ರಾಣಿಗೆ ಗೊತ್ತಿರಲಿಲ್ಲವಾ?" ಚೆನ್ನಾಗಿ ಗೊತ್ತಿತ್ತು. ಅವಳ ಅಧಿಕಾರಿಗಳ ದಾಖಲೆಗಳಲ್ಲಿ ಬರ್ಡ್‌ನ ಹೆಸರು ವರ್ಷ ವರ್ಷ ಬರುತ್ತದೆ. 1592ರಲ್ಲಿ ಅವನ ಮೇಲಿದ್ದ ಮೊಕದ್ದಮೆ ನಿಂತದ್ದು ರಾಣಿಯ ಅಪ್ಪಣೆಯಿಂದಲೇ. ಎಲಿಜಬೆತ್‌ಗೆ ಸಂಗೀತದ ಮೇಲೆ ನಿಜವಾದ ಪ್ರೀತಿ ಇತ್ತು. ತೀವ್ರವಾದಿ ಪ್ರಾಟೆಸ್ಟಂಟರು ಚರ್ಚುಗಳಿಂದ ಆರ್ಗನ್ ಕಿತ್ತುಹಾಕಬೇಕು ಅನ್ನುತ್ತಿದ್ದಾಗ ಅವಳು ತನ್ನ ಚಾಪೆಲ್‌ನಲ್ಲಿ ಹಾಡು, ಆರ್ಗನ್ ಎರಡನ್ನೂ ಉಳಿಸಿಕೊಂಡಳು. ಬರ್ಡ್ ಸಂಚುಗಳಿಗೆ ಸೇರಿದವನಲ್ಲ. ರಾಣಿಗಾಗಿ ಪ್ರಾರ್ಥಿಸುವ ಇಂಗ್ಲಿಷ್ ಹಾಡನ್ನೂ ಬರೆದ. ಅವಳ ಚರ್ಚಿಗಾಗಿ ಬರೆದ 'ಗ್ರೇಟ್ ಸರ್ವಿಸ್' ಕೇಳಿ ನೋಡಿ. ಕೆಲವು ಕಡೆ ಹತ್ತು ದನಿಗಳವರೆಗೆ ಹೋಗುತ್ತದೆ, ಅಷ್ಟು ದೊಡ್ಡದು, ಅಷ್ಟು ವೈಭವದ್ದು. ಅರೆಮನಸ್ಸಿನಿಂದ ಬರೆದ ಒಂದು ಸಾಲೂ ಅದರಲ್ಲಿ ನನಗೆ ಕಂಡಿಲ್ಲ. ಇಷ್ಟು ದೊಡ್ಡದಾಗಿ ಬರೆಯಬಲ್ಲವನು ತನ್ನ ಸ್ವಂತ ಧರ್ಮಸಭೆಯ ಪೂಜೆಗೆ ಬರೆಯುವಾಗ ಮೂರು, ನಾಲ್ಕು, ಐದು ದನಿಗೆ ಇಳಿದ. ಕೋಣೆ ಅಷ್ಟೇ ಇತ್ತು. ಜನ ಅಷ್ಟೇ ಇದ್ದರು.

1593ರ ಹೊತ್ತಿಗೆ ಅವನು ಎಸೆಕ್ಸ್ ಪ್ರಾಂತದ ಸ್ಟಾಂಡನ್ ಮ್ಯಾಸಿ ಎಂಬ ಹಳ್ಳಿಗೆ ಹೋಗಿ ನೆಲೆಸಿದ. ಕಾರಣ ಹತ್ತಿರದ ಇಂಗೇಟ್‌ಸ್ಟೋನ್ ಹಾಲ್. ಅಲ್ಲಿಯ ಸರ್ ಜಾನ್ ಪೀಟರ್ ಅವನ ಆಶ್ರಯದಾತ, ಗೆಳೆಯ. ಆ ಮನೆ ಈಗಲೂ ಇದೆ. ಪಾದ್ರಿಗಳು ಅಡಗಿಕೊಳ್ಳಲು ಮಾಡಿದ ಎರಡು ಗುಪ್ತ ಗೂಡುಗಳೂ ಅದರಲ್ಲಿವೆ. ಜಾನ್ ಪೇನ್ ಎಂಬ ಪಾದ್ರಿ ಮನೆಯ ಮೇಲ್ವಿಚಾರಕನಂತೆ ವೇಷ ಹಾಕಿಕೊಂಡು ಅಲ್ಲಿದ್ದ. 1582ರಲ್ಲಿ ಅವನನ್ನು ಗಲ್ಲಿಗೆ ಹಾಕಿದ್ದರು. ಅಂಥ ಮನೆ ಅದು.

ಸ್ಟಾಂಡನ್‌ನ ಜಮೀನಿನ ಕಥೆ ಮಾತ್ರ ಚೆನ್ನಾಗಿಲ್ಲ. ಅದು ವಿಲಿಯಂ ಶೆಲ್ಲಿ ಎಂಬ ಕ್ಯಾಥೊಲಿಕನದು. ಸಂಚಿನ ಆರೋಪದ ಮೇಲೆ ಸರ್ಕಾರ ಅದನ್ನು ಮುಟ್ಟುಗೋಲು ಹಾಕಿಕೊಂಡಿತ್ತು. ಬರ್ಡ್ ಗುತ್ತಿಗೆಗೆ ಪಡೆದ. ಶೆಲ್ಲಿಯ ವಿಧವೆ ವಾಪಸ್ ಕೊಡಿ ಎಂದು ವರ್ಷಗಟ್ಟಲೆ ಹೋರಾಡಿದಳು. ಬರ್ಡ್ ಬಿಟ್ಟುಕೊಡಲಿಲ್ಲ. ಅವಳು ಸತ್ತ ಮೇಲೆ 1610ರಲ್ಲಿ ಪೂರ್ತಿ ಕೊಂಡುಕೊಂಡ. ಕೋರ್ಟು ಕಚೇರಿ ಅವನಿಗೆ ಹೊಸದಲ್ಲ, ಬದುಕಿಡೀ ಒಂದಲ್ಲ ಒಂದು ವ್ಯಾಜ್ಯ ಇತ್ತು. ಅವನನ್ನು ಸಂತ ಮಾಡುವ ಆಸೆ ನನಗಿಲ್ಲ. ತನ್ನದೇ ಧರ್ಮದ ಒಬ್ಬ ಹೆಂಗಸಿನ ಜೊತೆ ಅವನು ನಡೆದುಕೊಂಡ ರೀತಿ ನನಗೆ ಹಿಡಿಸುವುದಿಲ್ಲ.

ಸುಮಾರು ಅವನು ಸ್ಟಾಂಡನ್‌ಗೆ ಬಂದ ಹೊತ್ತಿನಲ್ಲಿ, ಬಲಿಪೂಜೆಗೆಂದು ಬರೆದ ಅವನ ಮೂರು ಪೂಜಾ ಸಂಗೀತಗಳು ಬಂದವು. ನಾಲ್ಕು ದನಿಯದು ಮೊದಲು, ಆಮೇಲೆ ಮೂರು ದನಿಯದು, ಕೊನೆಗೆ ಐದು ದನಿಯದು. ಎಲ್ಲ 1592ರಿಂದ 1595ರ ಒಳಗೆ. ಮುಖಪುಟವಿಲ್ಲದೆ ಅಚ್ಚಾದ ಈ ಪುಸ್ತಕಗಳ ಕಾಲ ಗೊತ್ತಾದದ್ದು ಹೇಗೆ ಗೊತ್ತೇ? ಪುಟದ ಮೊದಲ ಅಕ್ಷರಕ್ಕೆ ಬಳಸಿದ ಚಿತ್ತಾರದ ಅಚ್ಚುಮೊಳೆಗಳು ಎಷ್ಟು ಸವೆದಿವೆ, ಎಲ್ಲಿ ಸೀಳಿವೆ ಅನ್ನುವುದನ್ನು ಥಾಮಸ್ ಈಸ್ಟ್ ಎಂಬ ಮುದ್ರಕನ ಬೇರೆ ಪುಸ್ತಕಗಳ ಜೊತೆ ಹೋಲಿಸಿ ವಿದ್ವಾಂಸರು ಕಂಡುಹಿಡಿದರು. ಒಳಪುಟಗಳಲ್ಲಿ ಮಾತ್ರ ಬರ್ಡ್ ತನ್ನ ಹೆಸರು ಹಾಕಿದ್ದಾನೆ. ಆ ಧೈರ್ಯ ಸಣ್ಣದಲ್ಲ. ಇಂಗ್ಲೆಂಡಿನಲ್ಲಿ ಲ್ಯಾಟಿನ್ ಪೂಜೆಗೆ ಸಂಗೀತ ಬರೆಯುವುದು ಮೇರಿಯ ಕಾಲದ ನಂತರ ನಿಂತುಹೋಗಿತ್ತು. ಮೂವತ್ತು ವರ್ಷಕ್ಕೂ ಮೀರಿದ ಆ ಖಾಲಿಯನ್ನು ಇವನೊಬ್ಬನೇ ತುಂಬಿದ.

ಪುಸ್ತಕಗಳ ಗಾತ್ರವನ್ನೂ ನೋಡಬೇಕು. ಆಗ ಒಂದೊಂದು ದನಿಗೆ ಒಂದೊಂದು ಬೇರೆ ಪುಸ್ತಕ. ಕೆಲವೇ ಹಾಳೆಗಳು. ಕೈಯಲ್ಲಿ, ಅಂಗಿಯ ಒಳಗೆ ಇಟ್ಟುಕೊಳ್ಳುವಷ್ಟು ತೆಳ್ಳಗೆ. ಸಂಗೀತವೂ ಹಾಗೇ. ಮೂರು ದನಿಯ ಪೂಜೆ ಇಪ್ಪತ್ತು ನಿಮಿಷದೊಳಗೆ ಮುಗಿಯುತ್ತದೆ. ಹಿಂದಿನ ತಲೆಮಾರಿನ ಇಂಗ್ಲಿಷ್ ಸಂಗೀತಗಾರರು ಒಂದು ಅಕ್ಷರವನ್ನು ಪುಟಗಟ್ಟಲೆ ಎಳೆದು ಹಾಡಿಸುತ್ತಿದ್ದರು. ಬರ್ಡ್ ಎಳೆಯುವುದಿಲ್ಲ. ಹೆಚ್ಚಿನ ಕಡೆ ಒಂದು ಅಕ್ಷರಕ್ಕೆ ಒಂದು ಸ್ವರ. ಮಾತು ಕೇಳಿಸಬೇಕು, ಅರ್ಥವಾಗಬೇಕು, ಮುಂದೆ ಹೋಗಬೇಕು. ವಿಶ್ವಾಸ ಪ್ರಮಾಣದಲ್ಲಿ 'ಒಂದೇ, ಪವಿತ್ರ, ಕಥೋಲಿಕ ಧರ್ಮಸಭೆ' ಎಂಬ ಮಾತು ಬರುವಲ್ಲಿ ಮಾತ್ರ ಅವನು ಅವಸರ ಮಾಡುವುದಿಲ್ಲ.

ನಾಲ್ಕು ದನಿಯ ಪೂಜೆಯ ಕೊನೆಯ ಭಾಗ, 'ಆಗ್ನುಸ್ ದೇಯಿ'ಯನ್ನು ಪೂರ್ತಿ ಕೇಳಿಸಿದೆ. 'ದೇವರ ಕುರಿಮರಿಯೇ' ಎಂಬ ಪ್ರಾರ್ಥನೆ ಮೂರು ಸಲ ಬರುತ್ತದೆ. ಮೊದಲ ಸಲ ಎರಡೇ ದನಿ. ಎರಡನೇ ಸಲ ಮೂರು. ಮೂರನೇ ಸಲ ನಾಲ್ಕೂ ಸೇರುತ್ತವೆ. ಒಬ್ಬೊಬ್ಬರಾಗಿ ಕೋಣೆಗೆ ಬಂದು ಸೇರಿಕೊಂಡಂತೆ ನನಗೆ ಕೇಳಿಸುತ್ತದೆ. ಕೊನೆಯ ಮಾತು 'ದೋನಾ ನೋಬಿಸ್ ಪಾಚೆಮ್', ನಮಗೆ ಶಾಂತಿ ಕೊಡು. ಇಲ್ಲಿ ಒಂದು ದನಿ ತಾನು ಹಿಡಿದ ಸ್ವರವನ್ನು ಬಿಡದೆ ನಿಲ್ಲುತ್ತದೆ. ಉಳಿದ ದನಿಗಳು ಸರಿಯುತ್ತವೆ. ಆ ಕ್ಷಣ ಎರಡು ಸ್ವರಗಳು ಒಂದಕ್ಕೊಂದು ಉಜ್ಜುತ್ತವೆ, ಕಿವಿಗೆ ನೋವಾಗುತ್ತದೆ. ಆಮೇಲೆ ನಿಂತ ದನಿ ಒಂದು ಮೆಟ್ಟಿಲು ಇಳಿದು ಹೊಂದಿಕೊಳ್ಳುತ್ತದೆ. ಅಷ್ಟರಲ್ಲಿ ಇನ್ನೊಂದು ದನಿ ತನ್ನ ಸ್ವರ ಹಿಡಿದು ನಿಂತಿರುತ್ತದೆ. ಹೀಗೆ ನೋವು, ಸಮಾಧಾನ, ಮತ್ತೆ ನೋವು. ಕೊನೆಯ ಸ್ವರಮೇಳ ಬರುವವರೆಗೂ ಇದು ಬಿಡುವುದಿಲ್ಲ. ಶಾಂತಿ ಸಿಕ್ಕಿದವರು ಹೀಗೆ ಹಾಡುವುದಿಲ್ಲ. ಇದು ಇನ್ನೂ ಕೇಳುತ್ತಿರುವವರ ಹಾಡು.

1605 ಮತ್ತು 1607ರಲ್ಲಿ 'ಗ್ರಾದುವಾಲಿಯಾ' ಎಂಬ ಎರಡು ಸಂಪುಟ ಬಂದವು. ಒಟ್ಟು 109 ಹಾಡು. ವರ್ಷದ ಮುಖ್ಯ ಹಬ್ಬಗಳಿಗೆಲ್ಲ, ಆಯಾ ಹಬ್ಬದ ಪೂಜೆಯಲ್ಲಿ ಬದಲಾಗುವ ಪ್ರಾರ್ಥನೆಗಳಿಗೆ ಬೇಕಾದ ಸಂಗೀತ. ಕಾಗದ ಉಳಿಸಲು ಎರಡು ಹಬ್ಬಕ್ಕೆ ಬರುವ ಒಂದೇ ವಾಕ್ಯವನ್ನು ಒಂದೇ ಕಡೆ ಅಚ್ಚು ಹಾಕಿಸಿದ. ಯಾವ ತುಂಡಿಗೆ ಯಾವುದು ಸೇರಬೇಕು ಎಂದು ಪೂಜೆಯ ಕ್ರಮ ಗೊತ್ತಿದ್ದವರಿಗೆ ಮಾತ್ರ ತಿಳಿಯುತ್ತದೆ. ಎರಡನೇ ಸಂಪುಟವನ್ನು ಪೀಟರ್‌ಗೆ ಅರ್ಪಿಸುತ್ತಾ, ಇವುಗಳಲ್ಲಿ ಹೆಚ್ಚಿನವು ನಿಮ್ಮ ಮನೆಯಲ್ಲೇ ಬೆಳೆದ ಫಲಗಳು ಎಂದು ಅವನೇ ಹೇಳಿದ್ದಾನೆ. ಮೊದಲ ಸಂಪುಟದ ಅರ್ಪಣೆಯಲ್ಲಿ ಇನ್ನೊಂದು ಒಳ್ಳೆಯ ಮಾತಿದೆ. ಪವಿತ್ರ ವಾಕ್ಯಗಳಲ್ಲಿ ಒಂದು ಗುಪ್ತ ಶಕ್ತಿ ಇದೆ, ಅವುಗಳನ್ನು ಮನಸ್ಸಿಟ್ಟು ಧ್ಯಾನಿಸುವವನಿಗೆ ತಕ್ಕ ಸ್ವರಗಳು ತಾವಾಗಿಯೇ ಬರುತ್ತವೆ ಅನ್ನುತ್ತಾನೆ.

ಮೊದಲ ಸಂಪುಟದಲ್ಲೇ 'ಆವೇ ವೇರುಮ್ ಕೋರ್ಪುಸ್' ಇದೆ. ಪರಮಪ್ರಸಾದದ, ಅಂದರೆ ಪೂಜೆಯಲ್ಲಿ ಅರ್ಪಿಸುವ ರೊಟ್ಟಿಯ, ಮುಂದೆ ಹಾಡುವ ಪ್ರಾರ್ಥನೆ. 'ನಿಜವಾದ ದೇಹವೇ, ವಂದನೆ' ಎಂದು ಶುರು. ರೊಟ್ಟಿ ನಿಜವಾಗಿಯೂ ಕ್ರಿಸ್ತನ ದೇಹವಾಗುತ್ತದೆಯೇ ಅನ್ನುವುದು ಆಗ ಜೀವ ತೆಗೆಯುವ ಪ್ರಶ್ನೆಯಾಗಿತ್ತು. ಬರ್ಡ್ 'ನಿಜ' ಎಂಬಲ್ಲಿ ಏನು ಮಾಡಿದ್ದಾನೆ ಕೇಳಿ. ಮೇಲಿನ ದನಿ ಎಫ್ ಶಾರ್ಪ್ ಹಾಡುತ್ತದೆ. ಮರುಗಳಿಗೆಯಲ್ಲೇ ಕೆಳಗಿನ ದನಿ ಎಫ್ ನ್ಯಾಚುರಲ್ ಎತ್ತಿಕೊಳ್ಳುತ್ತದೆ. ಹಾಡಿನ ಷಡ್ಜ ಜಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಕಾಕಲಿ ನಿಷಾದದ ಬೆನ್ನಿಗೇ ಕೈಶಿಕಿ ನಿಷಾದ ಬಂದ ಹಾಗೆ. ಕಿವಿ ಒಮ್ಮೆ ಬೆಚ್ಚುತ್ತದೆ, ಎಲ್ಲ ಗಮನ ಆ ಮಾತಿನ ಮೇಲೆ ಹೋಗುತ್ತದೆ. ವಾದ ಮಾಡದೆ, ದನಿ ಎತ್ತದೆ, ಒಂದು ಸ್ವರದಿಂದ ತನ್ನ ನಂಬಿಕೆ ಹೇಳಿಬಿಟ್ಟ. ಇಡೀ ಹಾಡು ನಾಲ್ಕು ನಿಮಿಷ ಅಷ್ಟೇ. ನಾನು ಹಾಡಿರುವ ಸಂಗೀತದಲ್ಲಿ ಇದಕ್ಕಿಂತ ಮೇಲಿನದ್ದು ನನಗೆ ಸಿಕ್ಕಿಲ್ಲ.

1605ರ ನವೆಂಬರ್ 5ರಂದು ಪಾರ್ಲಿಮೆಂಟನ್ನು ಸಿಡಿಮದ್ದಿನಿಂದ ಉಡಾಯಿಸುವ ಸಂಚು ಬಯಲಾಯಿತು. ಕ್ಯಾಥೊಲಿಕರ ಮೇಲೆ ಕೋಪ ಹೊತ್ತಿ ಉರಿಯಿತು. ಅದೇ ದಿನಗಳಲ್ಲಿ ಚಾರ್ಲ್ಸ್ ಡಿ ಲಿನ್ಯಿ ಎಂಬ ಫ್ರೆಂಚ್ ಪ್ರವಾಸಿಯನ್ನು ಲಂಡನ್ನಿನ ಒಂದು ತಂಗುಮನೆಯಲ್ಲಿ ಹಿಡಿದು ನ್ಯೂಗೇಟ್ ಜೈಲಿಗೆ ಹಾಕಿದರು. ಅವನ ಬಳಿ ಸಿಕ್ಕಿದ್ದು ಬರ್ಡ್‌ನ ಪುಸ್ತಕಗಳು. ಅವನ ಪತ್ರ ಉಳಿದಿದೆ. ಹಳ್ಳಿಯ ಒಂದು ದೊಡ್ಡ ಮನೆಯಲ್ಲಿ ಗಾರ್ನೆಟ್ ಇದ್ದದ್ದನ್ನು, ಬರ್ಡ್ ಆರ್ಗನ್ ನುಡಿಸಿದ್ದನ್ನು ಅದರಲ್ಲಿ ಬರೆದಿದ್ದಾನೆ. ಸ್ವರ ಬರೆದ ಹಾಳೆ ಇಟ್ಟುಕೊಂಡದ್ದಕ್ಕೆ ಜೈಲು. ಗ್ರಾದುವಾಲಿಯಾ ಮತ್ತೆ ಹೊಸ ಮುಖಪುಟದೊಂದಿಗೆ ಅಂಗಡಿಗೆ ಬಂದದ್ದು 1610ರಲ್ಲಿ.

ಬರ್ಡ್ 1623ರ ಜುಲೈ 4ರಂದು ತೀರಿಕೊಂಡ. ಎಂಬತ್ತರ ಆಸುಪಾಸು. ತನ್ನ ಉಯಿಲಿನಲ್ಲಿ ಕ್ಯಾಥೊಲಿಕ್ ಧರ್ಮಸಭೆಯ ನಿಜವಾದ ಸದಸ್ಯನಾಗಿ ಬದುಕಿ ಸಾಯಬೇಕೆಂದು ಬರೆದಿದ್ದ, ಸ್ಟಾಂಡನ್‌ನಲ್ಲಿ ಹೆಂಡತಿಯ ಪಕ್ಕ ಹೂಳಬೇಕೆಂದು ಕೇಳಿದ್ದ. ಸಮಾಧಿಯ ಗುರುತು ಉಳಿದಿಲ್ಲ. ಚಾಪೆಲ್ ರಾಯಲ್‌ನ ದಫ್ತರದಲ್ಲಿ ಅವನ ಸಾವನ್ನು ದಾಖಲಿಸುವಾಗ 'ಸಂಗೀತದ ತಂದೆ' ಎಂದು ಬರೆದರು. ಆ ಪುಸ್ತಕದಲ್ಲಿ ಅಂಥ ಮಾತು ಸಾಮಾನ್ಯವಾಗಿ ಬರುವುದಿಲ್ಲ.

ಅವನ ಇಂಗ್ಲಿಷ್ ಹಾಡುಗಳು ಕೆಥೆಡ್ರಲ್‌ಗಳಲ್ಲಿ ಉಳಿದುಕೊಂಡವು. ಪೂಜಾ ಸಂಗೀತಗಳು ಮಾತ್ರ ಪೂಜೆಯಲ್ಲಿ ಮತ್ತೆ ಕೇಳಿಸಲು ಹತ್ತೊಂಬತ್ತನೇ ಶತಮಾನದ ಕೊನೆ ಬರಬೇಕಾಯಿತು. ಡೌನ್‌ಸೈಡ್ ಮಠದಲ್ಲಿ, ಆಮೇಲೆ ಲಂಡನ್ನಿನ ಹೊಸ ಕ್ಯಾಥೊಲಿಕ್ ಕೆಥೆಡ್ರಲ್‌ನಲ್ಲಿ ರಿಚರ್ಡ್ ಟೆರಿ ಅವುಗಳನ್ನು ಹಾಡಿಸಿದರು. ಎಡ್ಮಂಡ್ ಫೆಲೋಸ್ ಅವನ ಎಲ್ಲ ಕೃತಿಗಳನ್ನು ಸಂಪಾದಿಸಿ ಅಚ್ಚಿಗೆ ತಂದರು.

ಕೊನೆಗೆ ಇಬ್ಬರು ಹುಡುಗಿಯರು ಬಂದು, ನಮ್ಮ ಚರ್ಚಿನ ಕಾಯರ್‌ನಲ್ಲಿ ಇರುವುದೇ ಏಳೆಂಟು ಜನ, ನಮ್ಮಿಂದ ಆಗುತ್ತದಾ ಎಂದು ಕೇಳಿದರು. ಆಗುತ್ತದೆ. ಇದು ಏಳೆಂಟು ಜನಕ್ಕೇ ಬರೆದದ್ದು. 'ಆವೇ ವೇರುಮ್'ನಿಂದ ಶುರು ಮಾಡಿ. ಸ್ವರ ಬರಹ ಕೋರಲ್ ಪಬ್ಲಿಕ್ ಡೊಮೇನ್ ಲೈಬ್ರರಿ ಎಂಬ ಜಾಲತಾಣದಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಎತ್ತರ ಹೆಚ್ಚಾಯಿತು ಅನಿಸಿದರೆ ಒಂದು ಸ್ವರ ಇಳಿಸಿಕೊಳ್ಳಿ. ಒಂದೊಂದು ದನಿಗೆ ಇಬ್ಬರು ನಿಲ್ಲಿ, ಮೈಕ್ ಬೇಡ, ಕೀಬೋರ್ಡ್ ಶ್ರುತಿಗೆ ಮಾತ್ರ. ದೊಡ್ಡ ಚರ್ಚಿನಲ್ಲಿ ಬೇಡ, ಪಕ್ಕದ ಚಿಕ್ಕ ಕೋಣೆಯಲ್ಲಿ ಮೊದಲು ಹಾಡಿ ನೋಡಿ. ಅದು ಬಂದ ಮೇಲೆ ಮೂರು ದನಿಯ ಪೂಜೆಗೆ ಕೈಹಾಕಬಹುದು. ಅದಕ್ಕೆ ಮೂರು ಜನ ಸಾಕು.